ಮಣಿಪಾಲದಲ್ಲಿ ಗನ್‌ಪ್ಲಾ ಕೊಳ್ಳುವವರೇ, ಪೆಟ್ಟಿಗೆ ನೋಡಿ ದುಡ್ಡು ಕೊಡಬೇಡಿ

ಮಂಗಳೂರು, ಉಡುಪಿ ಕಡೆ ಗನ್‌ಪ್ಲಾ, ಅಂದರೆ ಜಪಾನಿನ ಗಂಡಮ್ ಕಾರ್ಟೂನಿನ ರೋಬೋಗಳ ಪ್ಲಾಸ್ಟಿಕ್ ಕಿಟ್ ಕಟ್ಟುವವರೆಲ್ಲ ದಯವಿಟ್ಟು ಇದನ್ನು ಓದಿ. ಮಣಿಪಾಲದ ಕಡೆಯ ಒಬ್ಬರು "ಒರಿಜಿನಲ್ ಬಂದಾಯ್" (ಈ ಕಿಟ್ ಮಾಡುವ ಜಪಾನಿ ಕಂಪನಿ) ಅಂತ ಹೇಳಿ ನಕಲಿ ಕಿಟ್ ಮಾರುತ್ತಿದ್ದಾರೆ. ಪೆಟ್ಟಿಗೆ ಅಸಲಿ, ಒಳಗಿನ ಮಾಲು ನಕಲಿ. ನನ್ನ 11,500 ರೂಪಾಯಿ ಹೋಯಿತು.

ನಾನು ಕೊಂಡ ಕಿಟ್ ಮಾಸ್ಟರ್ ಗ್ರೇಡ್ (ಹೆಚ್ಚು ವಿವರ ಇರುವ ದರ್ಜೆ) ಸಝಾಬಿ ಅನ್ನುವ ರೋಬೋ, ವರ್ಷನ್ ಕಾ, ಅಂದರೆ ವಿನ್ಯಾಸಕ ಕಟೋಕಿಯ ಆವೃತ್ತಿ. 2013ರಲ್ಲಿ ಬಂದದ್ದು, 1/100 ಅಳತೆ. ಎಷ್ಟು ದೊಡ್ಡದು ಅಂತ ಕಟ್ಟಿದವರಿಗೆ ಗೊತ್ತು. ಪಕ್ಕದಲ್ಲಿ ಬೇರೆ ಮಾಸ್ಟರ್ ಗ್ರೇಡ್ ಇಟ್ಟರೆ ಅಪ್ಪನ ಪಕ್ಕ ಮಗು ನಿಂತ ಹಾಗೆ ಕಾಣುತ್ತದೆ. ಬೆನ್ನಿಗೆ ಫನೆಲ್ (ಹಾರಿಬಿಡುವ ಪುಟ್ಟ ಆಯುಧ) ಡಬ್ಬಿಗಳು, ಉದ್ದದ ಟ್ಯಾಂಕ್‌ಗಳು, ಕೈಯಲ್ಲಿ ಅಷ್ಟು ದೊಡ್ಡ ಗುರಾಣಿ. ಈ ಭಾರ ಹೊರಬೇಕಾದರೆ ಸೊಂಟ ಮತ್ತು ಕಾಲಿನ ಕೀಲುಗಳು ಗಟ್ಟಿ ಇರಲೇಬೇಕು. ಕೀಲು ಸಡಿಲ ಅಂದರೆ ಈ ಕಿಟ್ ಇದ್ದೂ ಇಲ್ಲದ ಹಾಗೆ.

ಮಾರುವವರು ಮಣಿಪಾಲದ ಟೈಗರ್ ಸರ್ಕಲ್ ಹತ್ತಿರ ಸಿಕ್ಕರು. ಜೋರು ಮಳೆ. ಪೆಟ್ಟಿಗೆಯ ಮೇಲೆ ಬಂದಾಯ್ ಲೋಗೋ, ಜಪಾನಿ ಅಕ್ಷರ, ಎಲ್ಲ ಸರಿಯಾಗಿಯೇ ಇತ್ತು. ಸುತ್ತಲೂ ತೆಳು ಪ್ಲಾಸ್ಟಿಕ್ ಬಿಗಿದಿದ್ದರು. "ಫ್ಯಾಕ್ಟರಿ ಸೀಲ್, ಇಲ್ಲಿ ಒಡೆಯಬೇಡಿ, ಮಳೆ ನೀರು ತಾಗುತ್ತದೆ" ಅಂದರು. ಎಷ್ಟು ಕಾಳಜಿ ಅಂತ ಅನ್ನಿಸಿತ್ತು ಆಗ! ಜಪಾನಿನಿಂದ ಬರುವ ಪೆಟ್ಟಿಗೆಗೆ ಸಾಮಾನ್ಯವಾಗಿ ಹೊರಗೆ ಪ್ಲಾಸ್ಟಿಕ್ ಸುತ್ತಿರುವುದೇ ಇಲ್ಲ. ಸೀಲ್ ಇರುವುದು ಒಳಗಿನ ಚೀಲಗಳಿಗೆ. ಆ ಪ್ಲಾಸ್ಟಿಕ್ ಇವರೇ ಸುತ್ತಿದ್ದು.

ಮಂಗಳೂರಿನ ಬಿಜೈಯ ಮನೆಯಲ್ಲಿ ಪೆಟ್ಟಿಗೆ ತೆರೆಯುವಾಗ ತಮ್ಮಂದಿರು, ಅವರ ಸ್ನೇಹಿತರು ಎಲ್ಲ ಸುತ್ತ ಕೂತಿದ್ದರು. ಈ ಕಿಟ್ ಬಗ್ಗೆ ನಾನು ಅಷ್ಟು ಹೊಗಳಿದ್ದೆ. ಮೊದಲ ಚೀಲ ಕತ್ತರಿಸಿದ ಕೂಡಲೇ ಒಂದು ಕೆಟ್ಟ ವಾಸನೆ. ರನ್ನರ್ (ತುಂಡುಗಳು ಅಂಟಿಕೊಂಡಿರುವ ಪ್ಲಾಸ್ಟಿಕ್ ಚೌಕಟ್ಟು) ಎತ್ತಿ ಅದರ ಚೀಟಿ ಭಾಗ ನೋಡಿದೆ. ಅಲ್ಲಿ ಬಂದಾಯ್ ಹೆಸರು ಅಚ್ಚಾಗಿರಬೇಕು ಅಲ್ವಾ? ಖಾಲಿ. ಇನ್ನೊಂದು ತೆಗೆದೆ, ಅದೂ ಖಾಲಿ. ಎಲ್ಲವೂ ಖಾಲಿ! ಹೆಸರು ಇರಬೇಕಾದ ಜಾಗ ಮಾತ್ರ ನುಣ್ಣಗೆ. ಚಿಕ್ಕವನು "ಏನಾಯಿತು ಅಣ್ಣ?" ಅಂತ ಕೇಳಿದ. ಏನು ಹೇಳಲಿ? ಮುಖ ಬಿಸಿಯಾಯಿತು. ಈಗ ನೆನೆಸಿದರೂ ಹೊಟ್ಟೆ ಉರಿಯುತ್ತದೆ.

ಆದರೂ ಕಟ್ಟಿ ನೋಡಿದೆ, ಸುಮ್ನೆ ದೂರುತ್ತಿದ್ದೇನೆ ಅಂತ ಯಾರೂ ಹೇಳಬಾರದು ಅಂತ. ಅಂಟು ಬೇಡದ ಕಿಟ್ ಇದು, ಒತ್ತಿದರೆ ಕಚ್ಚಿಕೊಳ್ಳಬೇಕು. ಇದರಲ್ಲಿ ಕೆಲವು ತುಂಡು ಒಳಗೇ ಹೋಗುವುದಿಲ್ಲ, ಕೆಲವು ಹಾಕಿದ ಕೂಡಲೇ ಬೀಳುತ್ತವೆ. ಅಂಚಿನಲ್ಲೆಲ್ಲ ಅಚ್ಚಿನ ಹೆಚ್ಚುವರಿ ಪ್ಲಾಸ್ಟಿಕ್. ಕಾಲಿನ ಕವಚ ಸರಿದು ಒಳಗಿನ ಸೈಕೋ ಫ್ರೇಮ್ ಅನ್ನುವ ಚೌಕಟ್ಟು ಕಾಣಬೇಕು, ಅದು ಅರ್ಧಕ್ಕೇ ಸಿಕ್ಕಿಹಾಕಿಕೊಳ್ಳುತ್ತದೆ. ಆರು ಫನೆಲ್‌ಗಳಲ್ಲಿ ಒಂದೂ ಡಬ್ಬಿಯಲ್ಲಿ ನಿಲ್ಲುವುದಿಲ್ಲ. ಬೆನ್ನಿನ ಡಬ್ಬಿ ಸೇರಿಸಿದ ಕೂಡಲೇ ಸೊಂಟ ಬಗ್ಗಿ ಇಡೀ ರೋಬೋ ಹಿಂದಕ್ಕೆ ಬಿತ್ತು. ನಿಲ್ಲಿಸಿದೆ, ಮತ್ತೆ ಬಿತ್ತು.

ಇನ್ನು ಮಾರಿದವರ ಉತ್ತರ ಕೇಳಿ. ಮೊದಲು, "ಎಂಥದು ಮಾರಾಯ್ರೆ, ನಿಮಗೆ ಕಟ್ಟಲು ಬರುವುದಿಲ್ಲ." ರನ್ನರ್ ಫೋಟೋ ಕಳಿಸಿದೆ. "ಅದು ಎಕ್ಸ್‌ಪೋರ್ಟ್ ಪೀಸ್, ಹೆಸರು ಇರುವುದಿಲ್ಲ." ಕೀಲಿನ ವಿಡಿಯೋ ಕಳಿಸಿದೆ. "ಮಂಗಳೂರಿನ ಸೆಖೆಗೆ ಪ್ಲಾಸ್ಟಿಕ್ ಮೆತ್ತಗಾಗಿದೆ." ಸೆಖೆಗೆ! ಇಂಥ ಕಿಟ್‌ಗಳ ಪ್ಲಾಸ್ಟಿಕ್ ಆದ ಪಾಲಿಸ್ಟೈರೀನ್ ಮೆತ್ತಗಾಗಲು ಸುಮಾರು 100 ಡಿಗ್ರಿ ಬಿಸಿ ಬೇಕು. ಅದೇ ಕಪಾಟಿನಲ್ಲಿ ನನ್ನ ಹಳೆಯ ಝಾಕು ರೋಬೋ ಕಿಟ್ ವರ್ಷಗಳಿಂದ ಅಲುಗಾಡದೆ ನಿಂತಿದೆ. ದುಡ್ಡು ವಾಪಸ್ ಕೇಳಿದಾಗ ಬಂದದ್ದು ಇಷ್ಟೇ: "ಸೀಲ್ ಒಡೆದ ಮಾಲು ತಗೊಳ್ಳುವುದಿಲ್ಲ. ನೋಡಲು ಒಂದೇ ತರ ಉಂಟಲ್ಲ, ಮತ್ತೆ ಎಂಥ ತೊಂದರೆ?" ಆಮೇಲೆ ನನ್ನನ್ನು ಬ್ಲಾಕ್ ಮಾಡಿದರು.

ಒಂದೇ ತರ ಅಂತೆ. ನಕಲಿ ಅಂತ ಹೇಳಿ ಕಡಿಮೆಗೆ ಮಾರಿದ್ದರೆ ನನ್ನ ತಕರಾರು ಇರಲಿಲ್ಲ. ಅಸಲಿಯ ಬೆಲೆ ತೆಗೆದುಕೊಂಡು ಅಸಲಿ ಪೆಟ್ಟಿಗೆಯಲ್ಲಿ ನಕಲಿ ತುಂಬಿ ಕೊಟ್ಟರಲ್ಲ, ಅದು ಮೋಸ. ಶುದ್ಧ ಮೋಸ.

ಕೊಳ್ಳುವವರು ಪೆಟ್ಟಿಗೆ ಅಲ್ಲೇ ತೆರೆಸಿ. ಚೀಲದ ಮೂಲಕವೇ ರನ್ನರ್ ಚೀಟಿ ಕಾಣುತ್ತದೆ, ಬಂದಾಯ್ ಹೆಸರು ಓದಿದ ಮೇಲೆ ದುಡ್ಡು ಕೊಡಿ. ತೆರೆಯಲು ಬಿಡದಿದ್ದರೆ ಎದ್ದು ಬನ್ನಿ, ಮಳೆ ಇರಲಿ ಬಿಸಿಲಿರಲಿ. ಆನ್‌ಲೈನ್‌ನಲ್ಲಿ ಹಣ ಕಳಿಸಿ ಮೋಸ ಹೋಗಿದ್ದರೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ತಡಮಾಡದೆ ಫೋನ್ ಮಾಡಿ.

ಮಾರಾಟದ ಅದೇ ಫೋಟೋ ಹಾಕಿ ಅವರು ಈಗ ಇನ್ನೊಂದು ಸಝಾಬಿ ಮಾರಲು ಹೊರಟಿದ್ದಾರೆ ಅಂತ ಸ್ನೇಹಿತನೊಬ್ಬ ತೋರಿಸಿದ. ಅದಕ್ಕೆ ಯಾರಾದರೂ ಅಡ್ವಾನ್ಸ್ ಕೊಟ್ಟಿದ್ದರೆ ಇವತ್ತೇ ವಾಪಸ್ ಕೇಳಿ.