ಮನೆಯ ಮೀಡಿಯಾ ಸರ್ವರ್‌ಗೆ ಎನ್100 ಸಾಕಾ, ಐ3-12100 ಬೇಕಾ?

ಮೀಡಿಯಾ ಸರ್ವರ್ ಅಂದ್ರೆ ಸಿನಿಮಾ, ವಿಡಿಯೊಗಳನ್ನು ಕೂಡಿಟ್ಟು ಮನೆಯ ಟಿವಿ, ಫೋನ್‌ಗಳಿಗೆ ಕಳಿಸುವ ಕಂಪ್ಯೂಟರ್. ಅದನ್ನು ಟಿವಿ ಪಕ್ಕ ಇಟ್ಟು ಸಿನಿಮಾ ನೋಡುವುದಷ್ಟೇ ಕೆಲಸ ಅಂದ್ರೆ ಇಂಟೆಲ್ ಎನ್100 ಇರುವ ಮಿನಿ ಪಿಸಿ ತಗೊಳ್ಳಿ. ಪ್ರೊಸೆಸರ್ 6 ವ್ಯಾಟ್‌ನದ್ದು, 4ಕೆ ಎಚ್‌ಇವಿಸಿ, ಎವಿ1 ಎಂಬ ಎರಡೂ ವಿಡಿಯೊ ಫಾರ್ಮ್ಯಾಟ್‌ಗಳನ್ನು ಹಾರ್ಡ್‌ವೇರ್‌ನಲ್ಲೇ ಡಿಕೋಡ್ ಮಾಡುತ್ತದೆ, ದಿನವಿಡೀ ಆನ್ ಇದ್ದರೂ ಕರೆಂಟ್ ಬಿಲ್ ನೋಡಿ ಬೆಚ್ಚಿ ಬೀಳಬೇಕಿಲ್ಲ. ತೊಂದರೆ ಇರುವುದು ಜಾಗದ್ದು. 3.5 ಇಂಚಿನ ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ ಈ ಪುಟ್ಟ ಡಬ್ಬಿಯೊಳಗೆ ಹಿಡಿಯುವುದಿಲ್ಲ, ಯುಎಸ್‌ಬಿಗೆ ಒಂದೊಂದೇ ನೇತುಹಾಕುತ್ತಾ ಹೋಗಬೇಕು.

ಸಂಗ್ರಹ ಜಾಸ್ತಿ ಆಗುತ್ತದೆ ಅನ್ನುವವರಿಗೆ ಇಂಟೆಲ್‌ನದ್ದೇ ಡೆಸ್ಕ್‌ಟಾಪ್ ಪ್ರೊಸೆಸರ್ ಐ3-12100 ಮೇಲು. ಹಾರ್ಡ್ ಡಿಸ್ಕ್ ಜೋಡಿಸಲು ನಾಲ್ಕು ಸಾಟಾ ಪೋರ್ಟ್ ಇರುವ ಮದರ್‌ಬೋರ್ಡ್ ನೋಡಿ ತಗೊಳ್ಳಿ. ಸ್ವಲ್ಪ ಅಗ್ಗ ಅಂತ ಸುಮ್ನೆ 12100ಎಫ್‌ಗೆ ಕೈ ಹಾಕಬೇಡಿ, ಅದರಲ್ಲಿ ಗ್ರಾಫಿಕ್ಸೇ ಇಲ್ಲ, ಅಂದ್ರೆ ಜೆಲ್ಲಿಫಿನ್ ಎಂಬ ಮೀಡಿಯಾ ಸರ್ವರ್ ಸಾಫ್ಟ್‌ವೇರ್‌ನಲ್ಲಿ ಟ್ರಾನ್ಸ್‌ಕೋಡ್ ಮಾಡಲು (ವಿಡಿಯೊವನ್ನು ಬೇರೆ ಫಾರ್ಮ್ಯಾಟ್‌ಗೆ ಬದಲಿಸಲು) ನೆರವಾಗುವ, ಇಂಟೆಲ್ ಗ್ರಾಫಿಕ್ಸ್‌ನಲ್ಲಿ ಸಿಗುವ ಕ್ವಿಕ್ ಸಿಂಕೂ ಇಲ್ಲ. ರಾಸ್ಪ್‌ಬೆರಿ ಪೈ 5 ಎಂಬ ಪುಟ್ಟ ಕಂಪ್ಯೂಟರ್? ಸರ್ವರ್‌ಗೆ ಬೇಡ, ಟ್ರಾನ್ಸ್‌ಕೋಡ್‌ಗೆ ನೆರವಾಗುವ ಹಾರ್ಡ್‌ವೇರ್ ಎನ್‌ಕೋಡರ್ ಅದರಲ್ಲಿ ಇಲ್ಲ.