ಹೊಗೆಗಾಲದ ಎಲ್ಕ್ ಬೇಟೆ: ಸೆಪ್ಟೆಂಬರಿನ ಬಿಲ್ಲೋ, ಅಕ್ಟೋಬರಿನ ಬಂದೂಕೋ?

ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ಎಲ್ಕ್ (ದೊಡ್ಡ ಗಾತ್ರದ ಜಿಂಕೆ) ಬೇಟೆಗೆ ಹೊರಡುವವರ ಮುಂದೆ ಎರಡು ಕಾಲಗಳಿವೆ: ಸೆಪ್ಟೆಂಬರ್ ಆರಂಭದ ಬಿಲ್ಲುಬೇಟೆ ಮತ್ತು ಅಕ್ಟೋಬರ್ ಕೊನೆಯಲ್ಲಿ ಶುರುವಾಗುವ ಬಂದೂಕಿನ ಬೇಟೆ. ಬೆದೆಗೆ ಬಂದ ಗಂಡು ಎಲ್ಕ್‌ಗಳು ಬೇಟೆಗಾರರ ಅಣಕು ಕೂಗಿಗೆ ಓಗೊಡುವ ಸೊಗಸು ಸೆಪ್ಟೆಂಬರಿನದೇ. ಆದರೆ ಕಾಡ್ಗಿಚ್ಚಿನ ಹೊಗೆ ಕಣಿವೆಗಳಲ್ಲಿ ತಂಗುವುದೂ ಆಗಲೇ, ಅದರಲ್ಲೂ ಮೇಲಿನ ಬೆಚ್ಚನೆಯ ಗಾಳಿ ಕೆಳಗಿನ ತಣ್ಣನೆಯ ಗಾಳಿಯನ್ನು ಏಳಗೊಡದ ಮುಂಜಾನೆಗಳಲ್ಲಿ, ಅಂದರೆ ಬೇಟೆಗಾರರು ಏರು ಹತ್ತುವ ಹೊತ್ತಿನಲ್ಲಿ, ಅದು ದಟ್ಟವಾಗಿರುತ್ತದೆ.

ಎನ್‌95 ಮಾಸ್ಕ್ ಸೂಕ್ಷ್ಮ ಕಣಗಳಲ್ಲಿ ಕನಿಷ್ಠ ಶೇ 95ರಷ್ಟನ್ನು ತಡೆಯುತ್ತದೆ, ಪಿ100 ಫಿಲ್ಟರ್ ಶೇ 99.97ರಷ್ಟನ್ನು. ಕಾರ್ಬನ್ ಮಾನಾಕ್ಸೈಡನ್ನು ಎರಡೂ ತಡೆಯವು. ಗಡ್ಡವಿದ್ದರೆ ಅಂಚಿನಿಂದ ಹೊಗೆ ನುಸುಳುತ್ತದೆ (ಬೇಟೆಗಾರರಲ್ಲಿ ಗಡ್ಡಧಾರಿಗಳೇನೂ ಕಡಿಮೆಯಿಲ್ಲ). ಮಾಂಸದ ಹೊರೆ ಹೊತ್ತು ನಡೆಯುವಾಗ ಇವುಗಳೊಳಗೆ ಉಸಿರಾಡುವುದೂ ಸುಲಭವಲ್ಲ. ವಾಯು ಗುಣಮಟ್ಟ ಸೂಚ್ಯಂಕ 150 ದಾಟಿದರೆ ಗಾಳಿ ಎಲ್ಲರಿಗೂ ಹಾನಿಕರ, ಉಬ್ಬಸ ಅಥವಾ ಹೃದ್ರೋಗ ಇರುವವರಿಗೆ 100 ದಾಟಿದಾಗಲೇ.

ಅಕ್ಟೋಬರ್ ಕೊನೆಗೆ ಮಳೆ, ಹಿಮ ಬಿದ್ದು ಹೊಗೆ ಬಹುಮಟ್ಟಿಗೆ ಅಡಗಿರುತ್ತದೆ. ಬದಲಿಗೆ ಚಳಿಯನ್ನು ಸಹಿಸಬೇಕು. ಶ್ವಾಸಕೋಶದ ತೊಂದರೆಯಿರುವವರು ಇದನ್ನೇ ಆರಿಸಿಕೊಳ್ಳುವುದು ಲೇಸು. ಆರೋಗ್ಯವಂತರು ಸೆಪ್ಟೆಂಬರಿಗೆ ಹೋಗಬಹುದು, ಆದರೆ ಅಮೆರಿಕ ಸರ್ಕಾರದ ವಾಯು ಗುಣಮಟ್ಟ ಜಾಲತಾಣ ಏರ್‌ನೌದ ಹೊಗೆ ನಕ್ಷೆಯನ್ನೂ ಅರಣ್ಯ ಮುಚ್ಚುಗಡೆಯ ಆದೇಶಗಳನ್ನೂ ಪ್ರತಿದಿನ ನೋಡಿಯೇ ಹೊರಡಬೇಕು.