ಕಾರಿನ ಮುಂಭಾಗದ ಚೌಕಟ್ಟು: ಸ್ಟೀಲೋ, ಉದ್ದ ಎಳೆಯ ಪ್ಲಾಸ್ಟಿಕ್ಕೋ?

ರೇಡಿಯೇಟರ್, ಹೆಡ್‌ಲೈಟ್, ಬಾನೆಟ್ ಲಾಕ್ ಎಲ್ಲವನ್ನೂ ಹಿಡಿದು ನಿಲ್ಲಿಸುವ ಚೌಕಟ್ಟೇ ಫ್ರಂಟ್ ಎಂಡ್ ಕ್ಯಾರಿಯರ್. ಮೊದಲು ಸ್ಟೀಲ್ ತುಂಡುಗಳನ್ನು ವೆಲ್ಡ್ ಮಾಡಿ ಇದನ್ನು ತಯಾರಿಸುತ್ತಿದ್ದರು. ಈಗ ಎಷ್ಟೋ ಕಾರುಗಳಲ್ಲಿ ಉದ್ದ ಗಾಜಿನ ಎಳೆ ಬೆರೆತ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ಬಂದಿದೆ.

ತೂಕದಲ್ಲಿ ಪ್ಲಾಸ್ಟಿಕ್ಕೇ ಗೆಲ್ಲುತ್ತದೆ. ಸ್ಟೀಲ್ ಒಂದು ಘನ ಸೆಂ.ಮೀ.ಗೆ 7.8 ಗ್ರಾಂ ತೂಗಿದರೆ ಇದು ಸುಮಾರು 1.2 ಗ್ರಾಂ. ಹಾಗಂತ ಬಿಡಿಭಾಗದ ತೂಕವೂ ಅಷ್ಟೇ ಪಟ್ಟು ಇಳಿಯುವುದಿಲ್ಲ. ಬಿಗಿತ ಕಡಿಮೆ, ಆದ್ದರಿಂದ ಗೋಡೆ ದಪ್ಪ ಮಾಡಬೇಕು, ರಿಬ್ (ಬಲಕ್ಕಾಗಿ ಏಣು) ಕೊಡಬೇಕು. ನಿಜವಾದ ಲಾಭ ಬೇರೆ ಕಡೆ ಇದೆ: ಕ್ಲಿಪ್, ಬ್ರಾಕೆಟ್ ಎಲ್ಲವೂ ಒಂದೇ ಅಚ್ಚಿನಲ್ಲಿ ಬರುತ್ತವೆ. ತುಕ್ಕಿನ ಚಿಂತೆಯೂ ಇಲ್ಲ.

ಗಿಡ್ಡ ಎಳೆಯ ಪ್ಲಾಸ್ಟಿಕ್ ಅಗ್ಗ ಅಲ್ವಾ, ಅದೇ ಸಾಲದೇ? ಅದರಲ್ಲಿ ಎಳೆ 1 ಮಿ.ಮೀ.ಗೂ ಕಡಿಮೆ. ಉದ್ದದ್ದರ ಗ್ರ್ಯಾನ್ಯೂಲ್‌ನಲ್ಲಿ (ಮೆಷಿನ್ನಿಗೆ ಹಾಕುವ ಪ್ಲಾಸ್ಟಿಕ್ ಕಾಳಿನಲ್ಲಿ) ಸಾಮಾನ್ಯವಾಗಿ 10-12 ಮಿ.ಮೀ. ಪೆಟ್ಟು ತಡೆಯಲು, ಬಿಸಿಯಲ್ಲಿ ಸದಾ ಭಾರ ಹೊರಲು ಉದ್ದದ್ದೇ ಮೇಲು. ಆದರೆ ಮೋಲ್ಡಿಂಗ್ ಮೆಷಿನ್ನಿನಲ್ಲಿ ಪ್ಲಾಸ್ಟಿಕ್ ಕರಗಿಸಿ ಅಚ್ಚಿಗೆ ತಳ್ಳುವ ಸ್ಕ್ರೂನಲ್ಲಿ ಎಳೆ ಪುಡಿಯಾದರೆ ಜಾಸ್ತಿ ಕೊಟ್ಟ ದುಡ್ಡು ಸುಮ್ನೆ ದಂಡ. ಬ್ಯಾಕ್ ಪ್ರೆಶರ್ (ಕರಗಿಸುವಾಗ ಸ್ಕ್ರೂ ಹಿಂದೆ ಸರಿಯುವುದನ್ನು ತಡೆಯುವ ಒತ್ತಡ) ಕಡಿಮೆ ಇರಲಿ, ಗೇಟ್ (ಪ್ಲಾಸ್ಟಿಕ್ ಅಚ್ಚಿನೊಳಗೆ ನುಗ್ಗುವ ಬಾಯಿ) ದೊಡ್ಡದಿರಲಿ. ಒಂದು ಸ್ಯಾಂಪಲ್ ಫರ್ನೇಸ್‌ನಲ್ಲಿ ಸುಟ್ಟು, ಉಳಿದ ಎಳೆಯ ಉದ್ದ ಅಳೆದು ತೋರಿಸಿ ಅಂತ ಮೋಲ್ಡರ್‌ನ ಕೇಳಿ. ಈ ಪರೀಕ್ಷೆ ಬಿಡಲೇಬೇಡಿ.

ಎಂಜಿನ್ ಪಕ್ಕದ ಬಿಸಿಗೆ ಪಾಲಿಪ್ರೊಪಿಲೀನ್ ಬದಲು ಪಾಲಿಅಮೈಡ್ (ನೈಲಾನ್) ನೋಡಿ. ವರ್ಷಕ್ಕೆ ಕೆಲವೇ ನೂರು ಗಾಡಿಯಾದರೆ ಅಚ್ಚಿನ ಖರ್ಚು ಹುಟ್ಟುವುದಿಲ್ಲ, ಸ್ಟೀಲೇ ಸರಿ.